ಬಯಲುಸೀಮೆಯವರ ಕಡಲಯಾತ್ರೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ಸೀಮೆಯ ಜನರಿಗೆ ಅಪಾರ ಜಲರಾಶಿಯೆಂದರೆ ಮುನಿರಾಬಾದಿನ ಜಲಾಶಯವೇ. ತುಂಬಿದಾಗ 378 ಚದರ ಕಿಲೋಮೀಟರು ಹರಡಿಕೊಳ್ಳುವ ಆ ನೀರನ್ನು ಕಂಡ ಮಕ್ಕಳು ಅದನ್ನೇ ಸಮುದ್ರವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಈ ವರ್ಷ ನಮ್ಮ ಮೊಮ್ಮಗನೂ ಅವನ ಗೆಳೆಯರಿಬ್ಬರೂ ನಿಜವಾದ ಕಡಲಿಗೇ ಹೋಗಬೇಕು, ದೋಣಿಯಲ್ಲಿ ಕುಳಿತು ಗಾಳ ಹಾಕಬೇಕು ಎಂದು ಹಟ ಹಿಡಿದಿದ್ದಾರೆ. ಮತ್ಸ್ಯಾಹಾರವು ನಮ್ಮ ಮನೆಯದಲ್ಲ. ಆದರೆ ಗೆಳೆಯರಲ್ಲೊಬ್ಬನು ಆನೆಗೊಂದಿಯವನು. ಅವನ ಹಿರಿಯರು ಹರಿಗೋಲು ನಡೆಸಿದವರು. ಅವನ ಉತ್ಸಾಹಕ್ಕೆ ಅಡ್ಡಬರಲು ನಮಗೆ ಮನಸ್ಸಾಗಲಿಲ್ಲ. ಮಕ್ಕಳ ಸಂಗಡ ನಾವೇ ಹೋಗತಕ್ಕದ್ದೆಂದು ನಿಶ್ಚಯವಾಯಿತು.

ಮೊದಲನೆಯದು ಕಾಲನಿರ್ಣಯ. ಶಾಲೆಗೆ ಬಿಡುವಿರುವ ಮೇ ತಿಂಗಳ ಕೊನೆಯಲ್ಲಿ ಹೋಗೋಣವೆಂದರು ಹುಡುಗರು. ಅಷ್ಟರಲ್ಲಿ ಮುಂಗಾರು ಸಮೀಪಿಸಿ ಕಡಲು ಕದಡಿರುವದು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧವುಂಟು. ಬಿರುಗಾಳಿಯ ಭಯ ಒಂದು ಕಾರಣ, ಮೀನುಗಳು ಮರಿಮಾಡುವ ಕಾಲವೆಂಬುದು ಇನ್ನೊಂದು. ಆದುದರಿಂದ ಗವಿಮಠದ ಜಾತ್ರೆ ಮುಗಿದ ಬಳಿಕ ಮಾಘಮಾಸವೇ ಲೇಸೆಂದೆವು. ದಾರಿಯೇನೂ ಕಠಿಣವಲ್ಲ: ಗದಗು, ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆ, ಕಾರವಾರ.

ಕಠಿಣವಾದದ್ದು ದೋಣಿಯ ಆಯ್ಕೆ. ಆಳಸಮುದ್ರಕ್ಕೆ ಹೋಗುವ ದೊಡ್ಡ ಬೋಟುಗಳು ಹಲವು ದಿನ ದಡಕ್ಕೆ ಬಾರವು. ಅವು ದುಡಿಮೆಯವು, ವಿಹಾರದವಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜವೆಂಬ ಬೋಟು ಏಳು ಮಂದಿ ಅನುಭವಿ ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷವು ಮರುವರ್ಷ ಮಾಲವಣದ ಕಡೆಯ ಕಡಲಿನಲ್ಲಿ ದೊರೆಯಿತು. ಬಲ್ಲವರ ಗತಿಯೇ ಹೀಗಾದರೆ, ಕಡಲನ್ನೇ ಕಾಣದ ಬಾಲಕರ ಮಾತೇನು? ದಡ ಕಣ್ಣಿಗೆ ಕಾಣುವಷ್ಟು ದೂರವೇ ಸಾಕೆಂದು ನಾವು ಹಟ ಮಾಡಿದೆವು. ಹುಡುಗರ ಮುಖ ಬಾಡಿತು.

ದಡದ ಹತ್ತಿರವೂ ಅಪಾಯವಿಲ್ಲದಿಲ್ಲ. 2019ರ ಜನವರಿ 21, ಪುಷ್ಯದ ಹುಣ್ಣಿಮೆ. ಕಾರವಾರದೆದುರಿನ ಕೂರ್ಮಗಡದ ನರಸಿಂಹದೇವರ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ನಮ್ಮಂತೆ ಬಯಲುಸೀಮೆಯಿಂದ ಹೋದವರೂ ಇದ್ದರು. ದೋಣಿಯಲ್ಲಿ ಮಿತಿಮೀರಿ ಜನ ತುಂಬಿದ್ದರು.

ಹರಿಗೋಲಿನ ಅಭ್ಯಾಸವೂ ಇಲ್ಲಿ ಮೋಸಗೊಳಿಸುವದು. ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಈ ಏರಿಳಿತ ಹೆಚ್ಚು. ಇಳಿತದ ಸೆಳವಿಗೆ ಎದುರುಗಾಳಿ ಬಡಿದರೆ ಅಳಿವೆಯ ಬಾಯಲ್ಲಿ ತೆರೆ ನೆಟ್ಟಗೆ ಏಳುವದು. ಬೆಳಗಿನಲ್ಲಿ ನೆಲದಿಂದ ಬೀಸುವ ಗಾಳಿ ಮಧ್ಯಾಹ್ನಕ್ಕೆ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ. ಆದುದರಿಂದ ಅಷ್ಟಮಿಯ ಆಸುಪಾಸಿನ ದಿನವನ್ನು ಗೊತ್ತುಮಾಡಿದ್ದೇವೆ. ಸೂರ್ಯೋದಯಕ್ಕೆ ಹೊರಡುವದು, ಹನ್ನೊಂದರೊಳಗೆ ಹಿಂದಿರುಗುವದು. (ಪಂಚಾಂಗವು ಶುಭಕಾರ್ಯಕ್ಕಷ್ಟೇ ಅಲ್ಲವೆಂದು ಮೊಮ್ಮಗನಿಗೆ ತೋರಿಸಲು ಇದೊಂದು ಸಂದರ್ಭವಾಯಿತು.) ಹೊಟ್ಟೆ ತೊಳಸುವದರಿಂದ ತಿಂಡಿ ಸ್ವಲ್ಪವೇ ಇರಲಿ.

ಇಷ್ಟೆಲ್ಲ ಹೇಳಿದರೂ ನಮ್ಮ ಸೊಸೆ ಇನ್ನೂ ಒಪ್ಪಿಲ್ಲ. ದೋಣಿಗೆ ಪ್ರಯಾಣಿಕರನ್ನು ಒಯ್ಯುವ ಅನುಮತಿಯುಂಟೆ, ಎಷ್ಟು ಜನಕ್ಕೆ, ತಲೆಗೊಂದರಂತೆ ಲೈಫ್ ಜಾಕೆಟ್ಟುಗಳುಂಟೆ, ಹುಡುಗರ ಮೈಗಾಗುವಂಥವೆಷ್ಟು, ಇವನ್ನು ಎಣಿಸಿ ತಿಳಿಸಿದ ಮೇಲೆ ಉತ್ತರ ಕೊಡುವೆನೆಂದಿದ್ದಾಳೆ. ಕಾರವಾರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ನಿನ್ನೆ ಕಾಗದ ಹಾಕಿದ್ದೇವೆ.