ಮುಗಿದ ಮೇಲಿನ ಮರೆವು

ಉಡುಪಿ ಹೋಟೆಲಿನ ಹಳೆಯ ಸಪ್ಲೈಯರ್‌ಗಳು ಆರ್ಡರನ್ನು ಬರೆದುಕೊಳ್ಳುತ್ತಿರಲಿಲ್ಲ. ಈ ಟೇಬಲ್ಲಿಗೆ ಇಡ್ಲಿ ಸಾಂಬಾರ್, ಆ ಮೂಲೆಗೆ ಈರುಳ್ಳಿ ಹಾಕದ ಮಸಾಲೆ, ಅಜ್ಜನಿಗೆ ಸಕ್ಕರೆ ಕಡಿಮೆ ಬೈಟು ಕಾಫಿ, ಎಲ್ಲವೂ ತಲೆಯಲ್ಲೇ. ದುಡ್ಡು ಕೊಟ್ಟು, ಟೇಬಲ್ ಒರೆಸಿಯಾದ ಮೇಲೆ ‘ನಾನೇನು ತಿಂದೆ ಮಾರಾಯ?’ ಎಂದು ಕೇಳಿದರೆ ಮಾತ್ರ ಅವರು ನಮ್ಮ ಮುಖವನ್ನೇ ಮಿಕಿಮಿಕಿ ನೋಡುವರು.

ಬರ್ಲಿನ್ನಿನಲ್ಲಿ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದೂ ಇಂಥದೇ ಒಬ್ಬ ಮಾಣಿ ಅಂತೆ. ಅವರ ಶಿಷ್ಯೆ ಬ್ಲೂಮಾ ಜೈಗಾರ್ನಿಕ್ ಜನರಿಗೆ ಮಣ್ಣಿನ ಗೊಂಬೆ, ಲೆಕ್ಕ, ಒಗಟು ಎಂದು ಸಣ್ಣಪುಟ್ಟ ಕೆಲಸ ಕೊಟ್ಟು, ಅರ್ಧದಷ್ಟನ್ನು ನಡುವೆಯೇ ನಿಲ್ಲಿಸಿದರು. ಆಮೇಲೆ ಕೇಳಿದರೆ, ನಿಂತುಹೋದ ಕೆಲಸಗಳೇ ಹೆಚ್ಚು ನೆನಪಿದ್ದವು. ಇದು 1927ರಲ್ಲಿ ಅಚ್ಚಾಯಿತು. ಮುಂದೆ ಇದೇ ಪ್ರಯೋಗ ಮಾಡಿದ ಎಲ್ಲರಿಗೂ ಇದೇ ಫಲ ಸಿಗಲಿಲ್ಲ, ನಿಜ. ಆದರೂ ಅರ್ಧಕ್ಕೆ ಬಿಟ್ಟ ಕೆಲಸ ರಾತ್ರಿ ದೀಪ ಆರಿಸಿದ ಮೇಲೆ ಸಾಲಗಾರನ ಹಾಗೆ ಬಾಗಿಲು ಬಡಿಯುವುದನ್ನು ನಂಬಲು ನನಗೆ ಪ್ರಯೋಗಶಾಲೆ ಬೇಕಿಲ್ಲ.

ಸೀರೆಗೆ ಕುಚ್ಚು ಕಟ್ಟುವುದನ್ನೇ ನೋಡಿ. ಸೆರಗಿನ ತುದಿಯ ಎಳೆ ಬಿಡಿಸಿ, ಬಣ್ಣಕ್ಕೊಪ್ಪುವ ರೇಷ್ಮೆ ದಾರ ಸೇರಿಸಿ, ಮೊದಲ ಗೇಣು ಹಾಡಿಕೊಂಡೇ ಸಾಗುತ್ತದೆ. ನಡುವಿನದು ಶುದ್ಧ ಬೇಸರ: ಕತ್ತು ನೋವು, ದಾರದ ಸಿಕ್ಕು, ಯಾಕಾದರೂ ಹಿಡಿದೆನೋ ಎಂಬ ಗೊಣಗು. ಇನ್ನು ನಾಲ್ಕು ಬೆರಳಗಲ ಉಳಿದಾಗ ಅದೆಲ್ಲಿಂದಲೋ ಕೈಗೆ ಹುರುಪು ಬರುತ್ತದೆ. ಒಲೆಯ ಮೇಲೆ ಹಾಲಿಟ್ಟಿದ್ದೂ ಮರೆಯುತ್ತದೆ. ಕಡೆಯ ಗಂಟು ಬಿಗಿದು, ತುದಿಗಳನ್ನು ಕತ್ತರಿಯಿಂದ ಸಮ ಮಾಡಿ, ಸೆರಗನ್ನೊಮ್ಮೆ ಕೊಡವಿದರೆ ಮೈ ಹಗುರ. ಇದನ್ನು ಸಾಧನೆಯ ಹೆಮ್ಮೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇನ್ನು ಆ ಸೀರೆಯನ್ನು ಬೀರುವಿನಲ್ಲಿಟ್ಟು ನಿಶ್ಚಿಂತೆಯಾಗಿ ಮರೆಯಬಹುದು ಎಂಬುದೇ ಅದರ ಸುಖ. ಮನಸ್ಸಿನ ಒಂದು ಕೋಣೆ ಖಾಲಿಯಾಗಿ, ಗುಡಿಸಿ ಸಾರಿಸಿದಂತಾಗುತ್ತದೆ.

ನನ್ನಂಥ ಆರಂಭಶೂರರಿಗೆ ವಿಜ್ಞಾನಿಗಳು ಒಂದು ರಿಯಾಯಿತಿಯನ್ನೂ ಕೊಟ್ಟಿದ್ದಾರೆ. ಮ್ಯಾಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಕಂಡುಕೊಂಡಂತೆ, ಉಳಿದ ಕೆಲಸವನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಸಾಕು, ತಲೆಯೊಳಗಿನ ಕಾಟ ತಗ್ಗುತ್ತದೆ. ಹಾಗಾಗಿ ಕ್ಯಾಲೆಂಡರಿನ ಭಾನುವಾರದ ಚೌಕದಲ್ಲಿ ‘ಊಟದ ನಂತರ, ಸ್ವೆಟರ್, ಎಡತೋಳು’ ಎಂದು ಬರೆದಿಟ್ಟಿದ್ದೇನೆ. ಅದನ್ನು ಯಾವ ಕೂಸಿಗೆಂದು ಶುರುಮಾಡಿದ್ದೆನೋ ಆ ಕೂಸಿಗೀಗ ಮೀಸೆ ಬಂದಿದೆ, ಅದು ಬೇರೆ ಮಾತು.

ಹಾಗೆಂದು ಹಿಡಿದದ್ದನ್ನೆಲ್ಲ ಮುಗಿಸಲೇಬೇಕೆಂಬ ಹಟವೂ ನನಗಿಲ್ಲ. ರುಚಿಸದ ಕಾದಂಬರಿಯನ್ನು ಮೂವತ್ತನೇ ಪುಟದಲ್ಲೇ ಮುಚ್ಚಿ ಹಾಯಾಗಿ ನಿದ್ದೆ ಮಾಡಿದ್ದೇನೆ. ಕುಮಾರವ್ಯಾಸನೂ ಭಾರತದ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಬರೆದು ನಿಲ್ಲಿಸಿದ. ಗದುಗಿನ ಭಾರತವನ್ನು ಅರೆಬರೆ ಎಂದವರು ಯಾರೂ ಇಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರೈಸಿದ. ನನ್ನ ಸ್ವೆಟರಿನ ತೋಳಿಗೆ ಅಂಥ ತಿಮ್ಮಣ್ಣ ಯಾರೂ ಬರುವ ಹಾಗೆ ಕಾಣುವುದಿಲ್ಲ.