ಚಿಕ್ಕಪ್ಪ ತಡಿಯಂಡಮೋಳ್ ಹತ್ತಿದ್ದು

ನಮ್ಮ ಚಿಕ್ಕಪ್ಪ ಕಕ್ಕಬ್ಬೆಯಲ್ಲೇ ಹುಟ್ಟಿ, ಅಲ್ಲೇ ಕಾಫಿ ಬೆಳೆದು, ಅಲ್ಲೇ ತಲೆ ನರೆಸಿಕೊಂಡವರು. ಅವರ ಮನೆಯ ಅಂಗಳದಲ್ಲಿ ನಿಂತರೆ ತಡಿಯಂಡಮೋಳ್ ಬೆಟ್ಟ ಕಣ್ಣಿಗೆ ಅಡ್ಡಲಾಗಿಯೇ ನಿಂತಿರುತ್ತದೆ. ಆದರೂ ಅವರು ಅದನ್ನು ಹತ್ತಿದವರಲ್ಲ. ಕೇಳಿದರೆ, "ಅದು ಅಲ್ಲೇ ಉಂಟಲ್ಲ, ಎಲ್ಲಿಗೆ ಹೋಗ್ತದೆ?" ಅನ್ನುತ್ತಿದ್ದರು. ಬೆಂಗಳೂರಿನಿಂದ ಬರುವ ಹುಡುಗರು ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಕೈಕಂಬದಲ್ಲಿ ಬಸ್ಸಿಳಿದು ಹೋಗುವುದನ್ನು ಕಂಡರೆ ಅವರಿಗೆ ಪಾಪ ಅನ್ನಿಸುತ್ತಿತ್ತು. ಮನೆಯಲ್ಲಿ ಕೆಲಸ ಇಲ್ಲದವರು ಎಂದು.

ಅಂಥವರು ಹತ್ತಿದ್ದು ಬೇಸಿಗೆ ರಜೆಯಲ್ಲಿ ನಾನೂ ಚಿಕ್ಕಪ್ಪನ ಮಕ್ಕಳೂ ಕಾಟ ಕೊಟ್ಟದ್ದಕ್ಕೆ ಅಂತ ನಾವು ಹೇಳಿಕೊಳ್ಳುತ್ತಿದ್ದೆವು. ನಿಜ ಕಾರಣ ಬೇರೆ. ಆ ವರ್ಷ ಹೂಮಳೆ ಬಂದಿರಲಿಲ್ಲ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಫಿ ಗಿಡದ ಮೊಗ್ಗು ಚಳಿಗಾಲ ಕಳೆದ ಮೇಲೆ ಒಂದು ಒಳ್ಳೆ ಮಳೆಗೆ ಕಾದು ಕೂತಿರುತ್ತದೆ. ಒಂದಿಂಚು ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಪರಿಮಳ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಎನ್ನುತ್ತೇವೆ. ಮೊದಲನೆಯದೇ ಅರೆಬರೆ ಬಿದ್ದರೆ ಮಾತ್ರ ಕಷ್ಟ, ಮೊಗ್ಗು ಅರ್ಧ ಎಚ್ಚರಾಗಿ ಅಲ್ಲೇ ಕರಕಾಗುತ್ತದೆ. ಹಾಗಾಗಿ ಆ ದಿನಗಳಲ್ಲಿ ಕೊಡಗಿನಲ್ಲಿ ಇಬ್ಬರು ಸಿಕ್ಕಿದರೆ ಆರೋಗ್ಯ ವಿಚಾರಿಸುವುದಿಲ್ಲ, "ನಿಮ್ಮಲ್ಲಿ ಎಷ್ಟು ಸೆಂಟು?" ಎಂದೇ ಕೇಳುವುದು. ನೂರು ಸೆಂಟು ಸೇರಿದರೆ ಒಂದಿಂಚು. ಬ್ರೆಜಿಲಿನಲ್ಲಿ 1994ರಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟುಹೋಗಿ, ನಮ್ಮಲ್ಲಿ ಬೆಲೆ ಏರಿದ್ದ ಕಾಲ ಅದು. ಬೆಲೆ ಇದ್ದಾಗಲೇ ಮಳೆ ಇಲ್ಲ ಎಂದರೆ ಬೆಳೆಗಾರನ ಹೊಟ್ಟೆ ಹೇಗಿರಬೇಡ! ದಿನಾ ಮಧ್ಯಾಹ್ನ ಬೆಟ್ಟದ ತಲೆಯ ಮೇಲೆ ಮೋಡ ಕಟ್ಟುತ್ತಿತ್ತು, ಗುಡುಗುತ್ತಿತ್ತು, ಸಂಜೆಗೆ ಎತ್ತಲೋ ಹೊರಟುಹೋಗುತ್ತಿತ್ತು. ಚಿಕ್ಕಪ್ಪ ಒಂದು ರಾತ್ರಿ ಊಟ ಮಾಡುತ್ತಾ, "ಈ ಮೋಡ ಯಾರ ಮನೆಗೆ ಹೋಗ್ತದೆ ಅಂತ ಮೇಲೆ ಹತ್ತಿಯೇ ನೋಡ್ತೇನೆ" ಎಂದುಬಿಟ್ಟರು.

ಮುಂದಾಳುತನ ಸುಬೇದಾರ್ ಮಾವನದು. ನನ್ನ ಸೋದರಮಾವ, ಸೇನೆಯಿಂದ ಪಿಂಚಣಿ ಪಡೆದು ಬಂದವರು. ಹೆಸರು ಹಿಡಿದು ಅವರನ್ನು ಕರೆದವರು ಊರಿನಲ್ಲಿ ಇದ್ದ ನೆನಪಿಲ್ಲ. ಬೆನ್ನಿನ ಚೀಲಕ್ಕೆ ಅವರು ಸೇನೆಯ ಮಾತಿನಲ್ಲಿ 'ಪಿಠ್ಠು' ಎನ್ನುತ್ತಿದ್ದರು. ಹಸಿರು ಕ್ಯಾನ್ವಾಸಿನದು, ಬಾರು ಸವೆದಿತ್ತು. ಅದನ್ನು ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಒಳಗೆ ಚಿಕ್ಕಮ್ಮ ಬೆಳಗಿನ ಜಾವ ಎದ್ದು ಸುಟ್ಟ ಅಕ್ಕಿರೊಟ್ಟಿ, ಎಳ್ಳಿನ ಪಜ್ಜಿ, ಕಾಚಂಪುಳಿ ಹಾಕಿ ಒಣಗಿಸಿ ಹುರಿದ ಪಂದಿ, ಬಾಳೆಹಣ್ಣು, ನೀರು. ಥರ್ಮಾಸಿನಲ್ಲಿ ಬೆಲ್ಲದ ಕಾಫಿ ಇತ್ತೋ, ಅದು ಬೇರೆ ಯಾವುದೋ ಪಯಣದ ನೆನಪೋ, ಈಗ ಕಲೆಸಿಹೋಗಿದೆ. ಪಂದಿಯ ವಾಸನೆ ಮಾತ್ರ ಖಂಡಿತ, ಏಕೆಂದರೆ ದಾರಿಯುದ್ದಕ್ಕೂ ನಾನು ನಡೆದದ್ದು ಆ ಚೀಲದ ಹಿಂದೆಯೇ.

ನಾಲ್ಕುನಾಡು ಅರಮನೆಯ ಹತ್ತಿರ ಮೊದಲ ನಿಲುಗಡೆ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು, ಮರದ ಕಂಬಗಳ ಎರಡಂತಸ್ತಿನ ಮನೆ. ಅರಮನೆ ಅಂದುಕೊಂಡು ಹೋದವರಿಗೆ ಒಂದು ದೊಡ್ಡ ಐನ್‌ಮನೆ ಕಂಡಷ್ಟೇ ಅನ್ನಿಸುತ್ತದೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಕಂಪನಿಯ ಪಡೆ ಬಂದಾಗ ಇಲ್ಲಿ ಅಡಗಿದ್ದು, ಇಲ್ಲಿಂದಲೇ ಹೋಗಿ ಶರಣಾದ. ಮಾವನಿಗೆ ಇದರಲ್ಲಿ ವೈಯಕ್ತಿಕವಾದ ಸಿಟ್ಟಿತ್ತು. "ಬೆನ್ನ ಹಿಂದೆ ಇಂಥ ಬೆಟ್ಟ, ಅದರಾಚೆ ಮಲಯಾಳ. ಒಂದು ಕಂಪನಿ ಜನ ಸಾಕಿತ್ತು ದಾರಿ ಹಿಡಿಯಲು!" ಎಂದು ಅಂಗಳದಲ್ಲೇ ಬೆರಳಿನಿಂದ ನಕ್ಷೆ ಬರೆದರು. ಚಿಕ್ಕಪ್ಪ, "ಭಾವ, ಅವನಿಗೆ ಬುತ್ತಿ ಕಟ್ಟಿಕೊಡುವವರು ಇರಲಿಲ್ಲ" ಎಂದರು.

ಅಲ್ಲಿಂದ ಮೇಲೆ ಮಾವನ ಗಡಿಯಾರದ ರಾಜ್ಯ. ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ವಿಶ್ರಾಂತಿ. ಸಾಕಾಗಿದೆ ಅಂದರೂ ಕೂರುವಂತಿಲ್ಲ, ಸಾಕಾಗಿಲ್ಲ ಅಂದರೂ ಏಳುವಂತಿಲ್ಲ. ಏಲಕ್ಕಿ, ಕಾಫಿ ತೋಟ ಮುಗಿಯುವವರೆಗೆ ನೆರಳು. ದಾರಿಯಲ್ಲಿ ಕುಡಿಯರ ಹಾಡಿಯ ಕಡೆಯ ಅಜ್ಜ ಒಬ್ಬರು ಬೈನೆ ಮರದಿಂದ ಕಳ್ಳು ಇಳಿಸಿಕೊಂಡು ಬರುತ್ತಿದ್ದರು. ಚಿಕ್ಕಪ್ಪ ಮಳೆಯ ಮಾತೆತ್ತಿದರೆ ಅಜ್ಜ ಜೇನಿನ ಮಾತೆತ್ತಿದರು. ಕಕ್ಕಬ್ಬೆ ಅಂದರೆ ಜೇನು ಎನ್ನುತ್ತಿದ್ದ ಕಾಲವಿತ್ತು, ಮನೆಮನೆಯ ಹಿತ್ತಿಲಲ್ಲೂ ಪೆಟ್ಟಿಗೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಮರಿಹುಳುಗಳು ಸತ್ತು, ತುಡುವೆ ಜೇನಿನ ಗೂಡುಗಳು ಸಾಲುಸಾಲಾಗಿ ಖಾಲಿಯಾದವು. ಚಿಕ್ಕಪ್ಪನ ಪೆಟ್ಟಿಗೆಗಳಲ್ಲಿ ಆಗ ಕೋಳಿ ಕಾವು ಕೂರುತ್ತಿತ್ತು. "ಹೂ ಬಂದರೂ ಕೂರಲು ಹುಳ ಬೇಕಲ್ಲ" ಅಂದರು ಅಜ್ಜ. ಆಮೇಲೆ ಸ್ವಲ್ಪ ಹೊತ್ತು ಚಿಕ್ಕಪ್ಪ ಮಾತಾಡಲಿಲ್ಲ.

ದೊಡ್ಡ ಬಂಡೆ ದಾಟಿದ ಮೇಲೆ ಬಯಲು. ಒಣಗಿದ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಕಾಲಿಟ್ಟಲ್ಲಿ ಜಾರುತ್ತಿತ್ತು. ಮಳೆಗಾಲದ ಜಿಗಣೆಗಳು ಇರಲಿಲ್ಲ, ಅದೊಂದು ಪುಣ್ಯ. ಬಿಸಿಲು ನೆತ್ತಿಗೆ ಹೊಡೆಯುತ್ತಿದ್ದಾಗ ಕಣಿವೆಯ ಮಡಿಲಿನ ಶೋಲಾ ಕಾಡು ಸಿಕ್ಕಿತು. ಒಳಗೆ ಹೊಕ್ಕರೆ ಬೆವರು ಒಮ್ಮೆಲೇ ತಣ್ಣಗಾಗಿ ಮೈ ಜುಮ್ಮೆನ್ನುತ್ತದೆ. ಕೊನೆಯ ಏರು ಆ ಮರಗಳ ಬೇರು ಹಿಡಿದೇ ಹತ್ತುವಂಥದ್ದು. ಬೇರಿಗೆ ಸಿಕ್ಕಿಕೊಂಡು ಚಿಕ್ಕಪ್ಪನ ಪಂಚೆ ಹರಿಯಿತು. ಮಾವ ಪಿಠ್ಠುವಿನಿಂದ ಸೂಜಿದಾರ ತೆಗೆದರು ಎಂದು ನನ್ನ ತಮ್ಮ ಇವತ್ತಿಗೂ ಹೇಳುತ್ತಾನೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ, ಆದರೆ ಮಾವನ ವಿಷಯದಲ್ಲಿ ಏನೂ ಹೇಳಲಾಗದು.

ತುದಿ 1,748 ಮೀಟರ್, ಕೊಡಗಿನಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಪಶ್ಚಿಮಕ್ಕೆ ಬೆಟ್ಟಗಳು ಕೇರಳಕ್ಕೆ ಇಳಿಯುತ್ತಾ ಹೋಗುತ್ತವೆ. ಶುಭ್ರ ದಿನವಾದರೆ ಸಮುದ್ರ ಕಾಣುತ್ತದೆ. ಅವತ್ತು ಬೇಸಿಗೆಯ ಮಬ್ಬು, ನಾವು ಹುಡುಗರು ಕಂಡಿತು ಕಂಡಿತು ಎಂದು ಕೂಗಿಕೊಂಡೆವು ಅಷ್ಟೆ. ಚಿಕ್ಕಪ್ಪ ಸಮುದ್ರದ ಕಡೆ ತಿರುಗಲೇ ಇಲ್ಲ. ಮೊದಲು ತಮ್ಮ ಕೆರೆ ಹುಡುಕಿದರು, ಆಮೇಲೆ ಪಾಡಿ ಇಗ್ಗುತ್ತಪ್ಪನ ದೇವಸ್ಥಾನದ ದಿಕ್ಕಿಗೆ ಕೈ ಮುಗಿದರು. ಮಳೆಯ ದೇವರು ಅವನೇ ತಾನೆ. ಪುತ್ತರಿ ಹಬ್ಬದ ಮುಹೂರ್ತವೂ ಅಲ್ಲಿಂದಲೇ ಹೊರಡುವುದು.

ರೊಟ್ಟಿ ಬಿಚ್ಚಿದ ಹೊತ್ತಿಗೆ ಮೋಡ ಬಂತು. ದೂರದ ಒಂದು ಇಳಿಜಾರಿನ ಮೇಲೆ ಬೂದು ಪರದೆ ಇಳಿಬಿಟ್ಟ ಹಾಗೆ ಮಳೆ ಸುರಿಯುವುದು ಕಾಣುತ್ತಿತ್ತು. ಚಿಕ್ಕಪ್ಪ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಎದ್ದು ನಿಂತು, ಅದು ಯಾರ ತೋಟ, ಎಷ್ಟು ಎಕರೆ, ಕಳೆದ ವರ್ಷ ಅವರಿಗೆ ಎಷ್ಟು ಮೂಟೆ ಆಗಿತ್ತು ಎಲ್ಲ ಲೆಕ್ಕ ಹಾಕಿದರು. "ನೋಡಿದಿರಾ ಭಾವ? ಅವರು ಕಳೆದ ವಾರವೇ ಸ್ಪ್ರಿಂಕ್ಲರ್ ಮಾಡಿ ಆಗಿದೆ. ಇದ್ದವರಿಗೇ ಬೀಳುವುದು!"

ಈಗ ಅಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಉಂಟು, ಟಿಕೆಟ್ ಉಂಟು, ರಾತ್ರಿ ಮೇಲೆ ಉಳಿಯುವಂತಿಲ್ಲ. ಆಗ ಕೇಳುವವರಿರಲಿಲ್ಲ. ನಮಗೆ ಉಳಿಯುವ ಆಸೆ ಬಹಳ ಇತ್ತು, ಆದರೆ ಸಿಡಿಲು ಹತ್ತಿರ ಬಂದಾಗ ಮಾವ "ಇಳಿಯಿರಿ" ಎಂದರು, ಇಳಿದೆವು. ಅರಮನೆಯ ಹತ್ತಿರ ಬರುವಾಗ ಮಳೆ ನಮ್ಮನ್ನು ಹಿಡಿಯಿತು. ದಪ್ಪ ಹನಿ, ಮಣ್ಣಿನ ವಾಸನೆ. ಚಿಕ್ಕಪ್ಪ ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ, ಮಗುವಿನ ಹಾಗೆ ಮುಖ ಮೇಲೆತ್ತಿ ನಡೆದರು. ಕೈಕಂಬಕ್ಕೆ ಬಂದರೆ ರಸ್ತೆಯಲ್ಲಿ ಧೂಳು ಏಳುತ್ತಿತ್ತು.

ಮನೆಯಲ್ಲಿ ಚಿಕ್ಕಮ್ಮ ಮಳೆಮಾಪಕದ ಮುಂದೆಯೇ ನಿಂತಿದ್ದರು. "ಎಂಟು ಸೆಂಟು," ಎಂದರು. ಏನೂ ಬೀಳದಿದ್ದರೇ ಚೆನ್ನಾಗಿತ್ತು ಅನ್ನುವಂಥ ಲೆಕ್ಕ ಅದು. ಚಿಕ್ಕಪ್ಪ ಕಾಫಿಯನ್ನೂ ಕುಡಿಯದೆ ಕೆರೆಯ ಹತ್ತಿರ ಹೋಗಿ ಡೀಸೆಲ್ ಪಂಪು ಹಚ್ಚಿದರು. ಬೆಳಗಾಗುವವರೆಗೆ ನಾವೆಲ್ಲ ಸೋತ ಕಾಲಿನಲ್ಲಿ ಪೈಪು ಎಳೆದು ಸ್ಪ್ರಿಂಕ್ಲರಿನ ಜೆಟ್ ಬದಲಿಸಿದೆವು. ಮಾವ ಟಾರ್ಚ್ ಹಾಕಿ ಗಡಿಯಾರ ನೋಡಿ, ಐವತ್ತು ನಿಮಿಷ ಆಯಿತು ಎಂದು ಆಗಾಗ ಘೋಷಿಸುತ್ತಲೇ ಇದ್ದರು. ಹತ್ತು ನಿಮಿಷದ ವಿಶ್ರಾಂತಿಗೆ ಚಿಕ್ಕಪ್ಪ ಒಂದು ಸಲವೂ ಒಪ್ಪಲಿಲ್ಲ.