ತಿಪಟೂರಿನ ಚಿಪ್ಪು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೊರಟ ರೈಲು ಗುಬ್ಬಿಯನ್ನು ಹಿಂದಿಕ್ಕಿತೆಂದರೆ ಕಿಟಕಿಯ ಎರಡು ಕಡೆಗೂ ತೆಂಗಿನ ತೋಟಗಳು ಜೊತೆಗೂಡುತ್ತವೆ. ತಿಪಟೂರನ್ನು ಮುಟ್ಟುವ ವೇಳೆಗೆ ಪ್ರಯಾಣಿಕನಿಗೆ ಬೇರೊಂದು ಮರದ ನೆನಪೇ ಉಳಿದಿರುವುದಿಲ್ಲ.

ಇಲ್ಲಿಯದು ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲುಗಿಸಿದರೆ ಗೊಟಗೊಟನೆ ಸದ್ದಾಗುತ್ತದೆ. ಉಂಡೆಗೆ ಪೆಟ್ಟು ತಾಗದಂತೆ ಚಿಪ್ಪನ್ನಷ್ಟೇ ಒಡೆಯುವ ಕೆಲಸಗಾರರ ಕೈಚಳಕವನ್ನು ನೋಡುವುದಕ್ಕಾದರೂ ಇಲ್ಲಿ ಒಮ್ಮೆ ಇಳಿಯಬೇಕು.

ಉಂಡೆ ಮಾರುಕಟ್ಟೆಗೆ ಹೋಗುತ್ತದೆ, ಚಿಪ್ಪು ಉಳಿಯುತ್ತದೆ. ಅದು ನೀರೊಲೆಗೆ ಬೀಳುತ್ತದೆ, ಇಲ್ಲವೆ ಹೆಚ್ಚು ಗಾಳಿಯಾಡದಂತೆ ಸುಟ್ಟು ಇದ್ದಿಲಾಗುತ್ತದೆ. ಮೂರು ನಾಲ್ಕು ಕಿಲೋ ಚಿಪ್ಪಿಗೆ ಒಂದು ಕಿಲೋ ಇದ್ದಿಲು. ಮಿಕ್ಕದ್ದು ಬಹುಪಾಲು ಹೊಗೆ. ಅದರ ಖಾರ ಗೂಡಿನ ನೆರೆಮನೆಯವರ ಕಣ್ಣಿಗೇ ಗೊತ್ತು.

ಈ ಚಿಪ್ಪಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಲಿಗ್ನಿನ್ ಎಂಬ ಪದಾರ್ಥ. ಅದರ ಮಹಿಮೆಯನ್ನು ಅರಿಯಬೇಕಾದರೆ ಕ್ಷಣಕಾಲ ಜಪಾನಿಗೆ ಹೋಗಬೇಕು. 2019ರಲ್ಲಿ ಒಸಾಕಾ ವಿಶ್ವವಿದ್ಯಾನಿಲಯದ ಶಿರೈಶಿ ಮತ್ತು ಸಂಗಡಿಗರು ರೆಸಾರ್ಸಿನಾಲ್-ಫಾರ್ಮಾಲ್ಡಿಹೈಡ್ ರಾಳದ ಪುಡಿಯನ್ನು ನೀರಿನಲ್ಲಿ ಕದಡಿ, ಆಮ್ಲಜನಕವನ್ನು ಹಾಯಿಸಿ, ಬೆಳಕಿಗೆ ಒಡ್ಡಿ, ಹೈಡ್ರೋಜನ್ ಪೆರಾಕ್ಸೈಡನ್ನು ಪಡೆದರು. ಗಾಯಕ್ಕೆ ಹಾಕಿದರೆ ಬುಸುಬುಸನೆ ನೊರೆಯುಕ್ಕಿಸುವ ದ್ರವ. ಬಟ್ಟೆಯನ್ನೂ ಕಾಗದವನ್ನೂ ಬಿಳುಪಾಗಿಸುವುದೂ ಅದೇ. ಕಾರ್ಖಾನೆಗಳಲ್ಲಿ ಇದನ್ನು ಪೆಲೇಡಿಯಂ ಲೋಹ, ಹೈಡ್ರೋಜನ್ ಅನಿಲಗಳ ನೆರವಿನಿಂದ ಮಾಡಿ, ಗಾಢ ದ್ರಾವಣವನ್ನು ಜಾಗರೂಕತೆಯಿಂದ ದೂರದೂರಕ್ಕೆ ಸಾಗಿಸಬೇಕಾಗುತ್ತದೆ. ಒಸಾಕಾದವರಿಗೆ ದಕ್ಕಿದ್ದು ಬಿಸಿಲಿನ ಶಕ್ತಿಯಲ್ಲಿ ಶೇಕಡಾ 0.5 ಮಾತ್ರ. ಅಷ್ಟಕ್ಕೇ ವಿಜ್ಞಾನಿಗಳು ಹಿಗ್ಗಿದರು.

ಲಿಗ್ನಿನ್ ಸಹ ಆ ರಾಳದಂತೆ ಫಿನಾಲ್ ಕುಲದ್ದು. ಆದುದರಿಂದ ಕೃಷಿಯ ಕಸದಿಂದಲೇ ಇಂಥ ಪುಡಿಯನ್ನು ತಯಾರಿಸುವ ಪ್ರಯತ್ನಗಳು ಹಲವು ಪ್ರಯೋಗಶಾಲೆಗಳಲ್ಲಿ ನಡೆದಿವೆ. ಪುಡಿ ನುಣುಪಾದಷ್ಟೂ ಕೆಲಸ ಚುರುಕು, ಆದರೆ ನೀರಿನಿಂದ ಹಿಂದಕ್ಕೆ ಪಡೆಯುವುದು ಕಷ್ಟ. ಕಬ್ಬಿಣದ ಆಕ್ಸೈಡನ್ನು ಬೆರೆಸಿದರೆ ಅಯಸ್ಕಾಂತದಿಂದ ಸೆಳೆದುಕೊಳ್ಳಬಹುದು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಬ್ಬಿಣವೇ ಪೆರಾಕ್ಸೈಡನ್ನು ಒಡೆದುಹಾಕುತ್ತದೆ! ಅದನ್ನು ಹೊದಿಕೆಯೊಳಗೆ ಮುಚ್ಚಿಡಬೇಕು.

ತಿಪಟೂರಿನಲ್ಲಿ ಚಿಪ್ಪಿಗೂ ಬಿಸಿಲಿಗೂ ಕೊರತೆಯಿಲ್ಲ. ಚಿಪ್ಪಿಗೆ ಬೆಲೆ ಬಂದರೆ ನೀರೊಲೆಗೆ ಏನನ್ನು ಒಡ್ಡುವುದು ಎಂದು ಇಲ್ಲಿಯ ಗೃಹಿಣಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಟ್ಟೆಯಿದೆ, ಗರಿಯಿದೆ, ಚಿಪ್ಪಿನ ಉರಿಯ ಕಾವು ಮಾತ್ರ ಅವಕ್ಕಿಲ್ಲ.